ಹಳೆಯ ಪ್ರೂಫ್ ನಾಣ್ಯ ಕೊಳ್ಳುವ ಮುಂಚೆ ಅದರ ಮೈ ನೋಡುವುದು ಹೇಗೆ?

ನಮ್ಮ ಕಡೆ ಬೆಳ್ಳಿ ನಾಣ್ಯ ಹಾಳಾಗುವುದು ಹೆಚ್ಚಾಗಿ ಭಕ್ತಿಯಿಂದಲೇ. ದೀಪಾವಳಿಯ ಲಕ್ಷ್ಮೀಪೂಜೆ ಬಂತೆಂದರೆ ತಿಜೋರಿಯಲ್ಲಿದ್ದ ರಾಣಿ ಛಾಪಿನ ರೂಪಾಯಿಗಳು ಹೊರಗೆ ಬರುತ್ತವೆ. ಹುಣಸೆಹಣ್ಣು ಹಾಕಿ ತಿಕ್ಕುತ್ತಾರೆ. ವಿಭೂತಿ ಹಚ್ಚಿ ಒರೆಸುತ್ತಾರೆ. ಹಾಲಿನಲ್ಲಿ ತೊಳೆದು ಅರಿಷಿಣ ಕುಂಕುಮ ಏರಿಸಿ ಜಗಲಿ ಮೇಲೆ ಇಡುತ್ತಾರೆ. ಪೂಜೆಯ ನಾಣ್ಯಕ್ಕೆ ಇದೆಲ್ಲ ಸರಿಯೇ. ಆದರೆ ಅದೇ ಡಬ್ಬಿಯಲ್ಲಿ 1969ರ ಗಾಂಧಿ ಶತಮಾನೋತ್ಸವದ ಹತ್ತು ರೂಪಾಯಿಯ ಪ್ರೂಫ್ ನಾಣ್ಯ, ಅಂದರೆ ಕನ್ನಡಿಯಂತೆ ನಯವಾಗಿ ವಿಶೇಷವಾಗಿ ಒತ್ತಿದ ನಾಣ್ಯ, ಇದ್ದರೆ? ಒಂದು ಸಲ ತಿಕ್ಕಿದರೂ ಸಾಕು, ಅದರ ಸಂಗ್ರಹದ ಬೆಲೆ ಕುಸಿಯುತ್ತದೆ. ಆಮೇಲೆ ಏನು ಮಾಡಿದರೂ ಅದು ಮೇಲೇಳುವುದಿಲ್ಲ.

ಹುಬ್ಬಳ್ಳಿಯ ಸರಾಫರ ಅಂಗಡಿಯಲ್ಲಾಗಲಿ, ಧಾರವಾಡದ ನಿವೃತ್ತ ಮೇಷ್ಟ್ರ ಮನೆಯಲ್ಲಾಗಲಿ, ಗದಗ, ಹಾವೇರಿಯ ಹಳೇ ಸಾಮಾನಿನವರ ಹತ್ತಿರವಾಗಲಿ, ಪ್ರೂಫ್ ನಾಣ್ಯ ಕೈಗೆ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ಇದನ್ನು ಯಾರಾದರೂ ಒರೆಸಿದ್ದಾರಾ? ಎಷ್ಟು ಹೊಳೆಯುತ್ತದೆ ಅನ್ನುವುದು ಆಮೇಲಿನ ಮಾತು. ಈ ಬರಹದ ಬಹುಪಾಲು ಆ ಪ್ರಶ್ನೆಗೆ ಉತ್ತರ ಹುಡುಕುವ ಬಗೆಯೇ.

ಹಂತ 1: ಅದು ನಿಜಕ್ಕೂ ಪ್ರೂಫ್ ಹೌದಾ?

ಪ್ರೂಫ್ ಅಂದರೆ ನಾಣ್ಯ ಎಷ್ಟು ಚೆನ್ನಾಗಿದೆ ಅನ್ನುವ ದರ್ಜೆಯಲ್ಲ. ಅದನ್ನು ಮಾಡಿದ ರೀತಿ. ಟಂಕಸಾಲೆಯಲ್ಲಿ ಅಚ್ಚನ್ನು ಕನ್ನಡಿಯಂತೆ ಉಜ್ಜಿ ನಯ ಮಾಡುತ್ತಾರೆ. ನಾಣ್ಯವಾಗಬೇಕಾದ ಖಾಲಿ ಬಿಲ್ಲೆಯನ್ನೂ ಹಾಗೆಯೇ ನಯ ಮಾಡುತ್ತಾರೆ. ನಂತರ ಜಾಸ್ತಿ ಒತ್ತಡದಲ್ಲಿ, ನಿಧಾನವಾಗಿ, ಒಂದಕ್ಕಿಂತ ಹೆಚ್ಚು ಸಲ ಒತ್ತುತ್ತಾರೆ. ಆದ್ದರಿಂದ ಖಾಲಿ ಜಾಗ, ಅಂದರೆ ಸಂಗ್ರಾಹಕರು ಫೀಲ್ಡ್ ಅನ್ನುವ ಭಾಗ, ಮುಖ ಕಾಣುವಷ್ಟು ನಯವಾಗಿರುತ್ತದೆ. ಅಕ್ಷರಗಳ ಬದಿ ಕಡಿದಿಟ್ಟಂತೆ ನೇರವಾಗಿರುತ್ತದೆ. ರಿಮ್, ಅಂದರೆ ಸುತ್ತಲಿನ ಎತ್ತರದ ಅಂಚು, ಚೂಪಾಗಿರುತ್ತದೆ. ಕೆಲವು ನಾಣ್ಯಗಳಲ್ಲಿ ಉಬ್ಬುಚಿತ್ರದ ಮೇಲೆ ಬಿಳಿ ಮಂಜು ಕೂತಂತಿರುತ್ತದೆ. ಅದೇ ಫ್ರಾಸ್ಟ್. ಕಪ್ಪು ಕನ್ನಡಿಯ ಮೇಲೆ ಬಿಳಿ ಚಿತ್ರ ತೇಲಿದಂತೆ ಕಂಡರೆ ಅದನ್ನು ಕ್ಯಾಮಿಯೊ ಅನ್ನುತ್ತಾರೆ.

ಗಾಂಧಿ ಹತ್ತು ರೂಪಾಯಿಯಲ್ಲೇ ಮೋಸ ಜಾಸ್ತಿ. ಅದನ್ನು ಪ್ರೂಫ್ ಆಗಿಯೂ ಹೊಡೆದರು, ಸಾಮಾನ್ಯ ನಾಣ್ಯವಾಗಿಯೂ ಹೊಡೆದರು. ಸಾಮಾನ್ಯ ನಾಣ್ಯಕ್ಕೆ ಮೆರುಗು ಹಾಕಿಸಿ ಪ್ರೂಫ್ ಎಂದು ತೋರಿಸುವವರಿದ್ದಾರೆ. ದೀಪದ ಕೆಳಗೆ ನಿಧಾನಕ್ಕೆ ವಾಲಿಸಿ. ಸಾಮಾನ್ಯ ಹೊಸ ನಾಣ್ಯದಲ್ಲಿ ಬೆಳಕು ಸೈಕಲ್ ಗಾಲಿಯ ಕಡ್ಡಿಗಳ ಹಾಗೆ ಸುತ್ತುತ್ತದೆ. ಪ್ರೂಫ್‌ನಲ್ಲಿ ಹಾಗೆ ಸುತ್ತುವುದಿಲ್ಲ, ಫೀಲ್ಡ್ ಒಮ್ಮೆಲೇ ಬೆಳ್ಳಗೆ, ಒಮ್ಮೆಲೇ ಕಪ್ಪಗೆ ತಿರುಗುತ್ತದೆ. ಮೆರುಗು ಹಾಕಿಸಿದ ನಾಣ್ಯದಲ್ಲಿ ಇವೆರಡೂ ಇರುವುದಿಲ್ಲ. ಎಲ್ಲ ಕಡೆ ಒಂದೇ ತರಹ, ಜೀವವಿಲ್ಲದ ಹೊಳಪು. ಅಕ್ಷರದ ಅಂಚೂ ಮೊಂಡಾಗಿರುತ್ತದೆ. ಇನ್ನೊಂದು ಗುರುತು: 1969ರಿಂದ ಮುಂದೆ ಬಾಂಬೆ ಟಂಕಸಾಲೆಯ ಪ್ರೂಫ್ ನಾಣ್ಯಗಳ ಮೇಲೆ ಇಂಗ್ಲಿಷಿನ 'ಬಿ' ಅಕ್ಷರ ಇರುತ್ತದೆ. ಅಲ್ಲಿಯ ಸಾಮಾನ್ಯ ನಾಣ್ಯಕ್ಕೆ ವಜ್ರದಾಕಾರದ ಚಿಹ್ನೆ ಅಥವಾ ಚುಕ್ಕೆ. ಊರಿಗೆ ಮುಂಬೈ ಎಂದು ಹೆಸರಾದ ಮೇಲೆ ಪ್ರೂಫ್ ಅಕ್ಷರ 'ಎಂ' ಆಯಿತು.

ಹಂತ 2: ಚೀಲದಲ್ಲಿ ಏನಿರಬೇಕು?

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್. ಗ್ರಾಮಿನ ಭಿನ್ನಾಂಶ ತೋರಿಸುವ ಪುಟ್ಟ ತಕ್ಕಡಿ. ಚಿಕ್ಕ ಅಯಸ್ಕಾಂತ. ಕೆಳಗೆ ಹಾಸಲು ಮೆತ್ತನೆಯ ಬಟ್ಟೆ. ಇಷ್ಟೇ ಸಾಕು. ಲೂಪ್‌ಗೆ ದುಡ್ಡು ಹಾಕಿ. ಜಾತ್ರೆಯಲ್ಲಿ ಸಿಗುವ ಪ್ಲಾಸ್ಟಿಕ್ ಭೂತಗನ್ನಡಿ ಗೆರೆಗಳನ್ನೇ ಡೊಂಕು ತೋರಿಸುತ್ತದೆ.

ಅಯಸ್ಕಾಂತ ಯಾಕೆ? 1950ರ ರೂಪಾಯಿ, ಅರ್ಧ ರೂಪಾಯಿ, ಪಾವಲಿ ಇವು ನಿಕ್ಕೆಲ್. ಇವು ಅಯಸ್ಕಾಂತಕ್ಕೆ ಅಂಟುತ್ತವೆ. ಬೆಳ್ಳಿ ಅಂಟುವುದಿಲ್ಲ. ತಕ್ಕಡಿ ಯಾಕೆ? 1969ರ ಹತ್ತು ರೂಪಾಯಿ 15 ಗ್ರಾಂ ತೂಗುತ್ತದೆ. ಅದರಲ್ಲಿ ನೂರಕ್ಕೆ 80 ಪಾಲು ಬೆಳ್ಳಿ, ಅಂದರೆ 12 ಗ್ರಾಂ ಅಪ್ಪಟ. 1972ರ ಸ್ವಾತಂತ್ರ್ಯ ರಜತೋತ್ಸವದ ಹತ್ತು ರೂಪಾಯಿ 22.5 ಗ್ರಾಂ ಇದ್ದರೂ ಅರ್ಧವೇ ಬೆಳ್ಳಿ. ಅಪ್ಪಟ ಲೆಕ್ಕಕ್ಕೆ ಅದು 11.25 ಗ್ರಾಂ. ದೊಡ್ಡ ನಾಣ್ಯದಲ್ಲೇ ಬೆಳ್ಳಿ ಕಡಿಮೆ. ಈ ಲೆಕ್ಕ ಮನಸ್ಸಿನಲ್ಲಿ ಇರಲಿ, ಚೌಕಾಶಿ ಹೊತ್ತಿಗೆ ಬೇಕಾಗುತ್ತದೆ.

ಹಂತ 3: ಬೆಳಕು ಸರಿ ಮಾಡಿಕೊಳ್ಳಿ

ಬಂಗಾರದ ಅಂಗಡಿಗಳ ದೀಪಗಳು ಇರುವುದೇ ಎಲ್ಲವನ್ನೂ ಚಂದ ಕಾಣಿಸಲಿಕ್ಕೆ. ಮೇಲಿಂದ, ಪಕ್ಕದಿಂದ, ಶೋಕೇಸ್ ಒಳಗಿಂದ ಹತ್ತು ಕಡೆ ಬೆಳಕು ಬೀಳುತ್ತದೆ. ಅಂಥ ಕಡೆ ಕೂದಲೆಳೆಯಂಥ ಗೀರು ಕಣ್ಣಿಗೆ ಬೀಳುವುದೇ ಇಲ್ಲ. ಟ್ಯೂಬ್‌ಲೈಟ್ ಕೆಳಗೂ ಅಷ್ಟೇ, ಬೆಳಕು ಚದುರಿ ಗೀರು ಅಡಗುತ್ತದೆ. ಬೇಕಾಗಿರುವುದು ಒಂದೇ ಕಡೆಯಿಂದ ಬೀಳುವ ಒಂದೇ ದೀಪ. ಮನೆಯಲ್ಲಾದರೆ ಮೇಜಿನ ದೀಪ. 60 ವಾಟ್‌ನ ಹಳೇ ಬಲ್ಬ್ ಸಿಕ್ಕರೆ ಬಹಳ ಒಳ್ಳೆಯದು. ಅಂಗಡಿಯಲ್ಲಾದರೆ ಸಂಕೋಚ ಬಿಟ್ಟು ಕೇಳಿ: "ಕಾಕಾ, ಶೋಕೇಸಿನ ಲೈಟ್ ಒಂದ್ನಿಮಿಷ ಆರಸ್ತೀರೇನ್ರಿ?" ಸಾಮಾನ್ಯವಾಗಿ ಆರಿಸುತ್ತಾರೆ. ಆರಿಸಲು ಒಪ್ಪದಿದ್ದರೆ ಅದೂ ಒಂದು ಉತ್ತರವೇ. ಮೊಬೈಲ್ ಟಾರ್ಚ್ ಕೂಡ ನಡೆಯುತ್ತದೆ, ಆದರೆ ಅದು ಗೀರುಗಳನ್ನು ಇರುವುದಕ್ಕಿಂತ ಜಾಸ್ತಿ ಮಾಡಿ ತೋರಿಸುತ್ತದೆ. ಅದನ್ನು ನೋಡಿಯೇ ತೀರ್ಮಾನ ಮಾಡಬೇಡಿ.

ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿಯಿರಿ, ಹೆಬ್ಬೆರಳು ಮತ್ತು ತೋರುಬೆರಳ ನಡುವೆ. ಹಾಸಿದ ಬಟ್ಟೆಯ ಮೇಲೇ ಹಿಡಿಯಿರಿ. ಮಾತಾಡುತ್ತಾ ನೋಡಬೇಡಿ. ಬಾಯಿಂದ ಸಿಡಿದ ಹನಿ ಒಣಗಿ ಕಲೆಯಾಗುತ್ತದೆ. ಎಲೆ ಅಡಿಕೆ ಹಾಕಿಕೊಂಡವರ ಕೈಗಂತೂ ಕೊಡಲೇಬೇಡಿ.

ಈಗ ಮುಖ್ಯ ಕೆಲಸ. ದೀಪದಿಂದ ಒಂದು ಅಡಿ ಕೆಳಗೆ ನಾಣ್ಯ ಹಿಡಿದು, ಬೆಳಕು ಫೀಲ್ಡ್ ಮೇಲೆ ಹರಿಯುವ ಹಾಗೆ ವಾಲಿಸಿ. ವಾಲಿಸಿದ ಕೋನ ಬಿಡದೆ ಒಂದು ಪೂರ್ತಿ ಸುತ್ತು ತಿರುಗಿಸಿ. ಈ ಸುತ್ತು ತಪ್ಪಿಸಲೇಬಾರದು. ಗೀರು ಬೆಳಕಿಗೆ ಅಡ್ಡವಾಗಿದ್ದಾಗ ಮಾತ್ರ ಹೊಳೆಯುತ್ತದೆ. ಬೆಳಕಿನ ದಿಕ್ಕಿನಲ್ಲೇ ಇದ್ದರೆ ಮಾಯ. ಜಾಣ ವ್ಯಾಪಾರಿಗೆ ನಾಣ್ಯವನ್ನು ಯಾವ ದಿಕ್ಕಿಗೆ ಹಿಡಿದು ತೋರಿಸಬೇಕೆಂದು ಚೆನ್ನಾಗಿ ಗೊತ್ತಿರುತ್ತದೆ. ಮೊದಲು ಬರಿಗಣ್ಣಲ್ಲಿ ನೋಡಿ, ಅನುಮಾನ ಬಂದ ಜಾಗಕ್ಕೆ ಮಾತ್ರ ಲೂಪ್ ಹಿಡಿಯಿರಿ. ಶುರುವಿನಿಂದಲೇ ಲೂಪ್ ಹಿಡಿದರೆ ಒಳ್ಳೆಯ ನಾಣ್ಯವೂ ಕೆಟ್ಟದಾಗಿ ಕಾಣುತ್ತದೆ.

ಹಂತ 4: ಗೆರೆ ಕಂಡಿತು. ಯಾರು ಹಾಕಿದ್ದು?

ಎಲ್ಲ ಗೆರೆಯೂ ದೋಷವಲ್ಲ. ಟಂಕಸಾಲೆಯಲ್ಲೇ ಬಂದ ಗೆರೆಗಳಿವೆ, ಆಮೇಲೆ ಬಿದ್ದ ಗೆರೆಗಳಿವೆ. ಇವೆರಡನ್ನು ಬೇರೆ ಮಾಡಲು ಕಲಿತರೆ ಅರ್ಧ ಕೆಲಸ ಮುಗಿಯಿತು.

ಅಚ್ಚನ್ನು ಉಜ್ಜಿದಾಗ ಅಚ್ಚಿನ ಮೇಲೆ ಸಣ್ಣ ಗೀರು ಬೀಳುತ್ತದೆ. ಒತ್ತಿದಾಗ ಲೋಹ ಆ ಗೀರಿನೊಳಗೆ ಹೋಗುತ್ತದೆ. ಆದ್ದರಿಂದ ನಾಣ್ಯದ ಮೇಲೆ ಅದು ಉಬ್ಬಿದ ಗೆರೆಯಾಗಿ ಬರುತ್ತದೆ. ಚಿತ್ರ, ಅಕ್ಷರಗಳು ಅಚ್ಚಿನಲ್ಲಿ ತಗ್ಗಾಗಿರುತ್ತವೆ, ಉಜ್ಜುವ ಸಾಧನ ಅಲ್ಲಿಗೆ ಇಳಿಯುವುದಿಲ್ಲ. ಹಾಗಾಗಿ ಈ ಗೆರೆ ಅಕ್ಷರದ ಬುಡಕ್ಕೆ ಬಂದು ಥಟ್ಟನೆ ನಿಲ್ಲುತ್ತದೆ, ಆಚೆ ಬದಿಯಿಂದ ಮತ್ತೆ ಮುಂದುವರಿಯುತ್ತದೆ. ಅಕ್ಷರದ ನೆತ್ತಿಯ ಮೇಲೆ ಇರುವುದಿಲ್ಲ. ಇದಕ್ಕೆ ಬೆಲೆ ಕಡಿಮೆ ಮಾಡಬೇಕಿಲ್ಲ.

ಒರೆಸಿದ ಗೀರು ಇದರ ಉಲ್ಟಾ. ಅದು ಲೋಹದ ಒಳಗೆ ಕೊರೆದಿರುತ್ತದೆ. ಬಟ್ಟೆ ಎತ್ತರದ ಜಾಗದ ಮೇಲೂ ಹಾದುಹೋಗಿರುತ್ತದೆ. ಗಾಂಧೀಜಿಯ ಕೆನ್ನೆ, ಅಶೋಕ ಸ್ತಂಭದ ಸಿಂಹದ ಎದೆ, ಅಲ್ಲಿ ಗೀರು ಹುಡುಕಿ. ಅಕ್ಷರಗಳ ಸಂದಿಗೆ ಬಟ್ಟೆ ಹೋಗುವುದಿಲ್ಲ, ಅಲ್ಲಿ ಫೀಲ್ಡ್ ಶುದ್ಧವಾಗಿ ಉಳಿದಿರುತ್ತದೆ. ಬಯಲಿನಲ್ಲಿ ಗೀರು, ಸಂದಿಯಲ್ಲಿ ಕನ್ನಡಿ. ಈ ಎರಡೂ ಒಟ್ಟಿಗೆ ಕಂಡರೆ ಒರೆಸಿದ್ದು ಖಾತ್ರಿ.

ಗೀರಿನ ಆಕಾರ ನೋಡಿದರೆ ಏನು ನಡೆಯಿತೆಂದು ಗೊತ್ತಾಗುತ್ತದೆ. ಒಂದೇ ದಿಕ್ಕಿಗೆ ಹತ್ತಾರು ಸಮಾನಾಂತರ ಗೆರೆ ಇದ್ದರೆ ಯಾರೋ ಪಂಚೆಯ ಸೆರಗಿನಲ್ಲೋ ಕರ್ಚೀಫಿನಲ್ಲೋ ಒಮ್ಮೆ ಒರೆಸಿದ್ದಾರೆ. ದುಂಡಗೆ ಸುತ್ತಿದ ಗೆರೆ ಇದ್ದರೆ ಪುಡಿ ಹಾಕಿ ತಿಕ್ಕಿದ್ದಾರೆ. ಲೂಪ್‌ನಲ್ಲಿ ಅಕ್ಷರದ ಸಂದಿ ನೋಡಿ: ಬಿಳಿ ಪುಡಿ ಉಳಿದಿದ್ದರೆ ವಿಭೂತಿ ಅಥವಾ ಹಲ್ಲುಪುಡಿ, ಕೆಂಪು ಕಂಡರೆ ಕುಂಕುಮ. ಫೀಲ್ಡ್ ತುಂಬ ಒತ್ತೊತ್ತಾಗಿ, ಹರಿತವಾಗಿ ಗೆರೆ ಇದ್ದರೆ ಅದು ಅಕ್ಕಸಾಲಿಗರ ಹಿತ್ತಾಳೆ ಬ್ರಷ್ ಕೆಲಸ. ಅಂಟುವಾಳದ ನೀರು, ಹಿತ್ತಾಳೆ ಬ್ರಷ್, ಇವು ಕಾಲ್ಗೆಜ್ಜೆಗೆ ಒಳ್ಳೆಯವು. ಪ್ರೂಫ್ ನಾಣ್ಯಕ್ಕೆ ಮಾತ್ರ ಕೊಲೆ. ಎತ್ತರದ ಜಾಗದಲ್ಲಿ ಮಾತ್ರ ನಾಲ್ಕಾರು ಸಮಾನಾಂತರ ಗೀರು ಇದ್ದು ಬಯಲು ಚೆನ್ನಾಗಿದ್ದರೆ ಆಲ್ಬಮ್‌ನ ಪ್ಲಾಸ್ಟಿಕ್ ಜಾರಿಸಿದಾಗ ಬಿದ್ದಿದ್ದು. ಇದೂ ದೋಷವೇ, ಆದರೆ ತಿಕ್ಕಿದಷ್ಟು ಕೆಟ್ಟದ್ದಲ್ಲ.

ಇನ್ನೊಂದಿದೆ, ಹೊಸಬರು ಇದನ್ನು ನೋಡಿ ಸುಮ್ನೆ ಗಾಬರಿಯಾಗುತ್ತಾರೆ. ಫೀಲ್ಡ್‌ನಲ್ಲಿ ಒಂಟಿ ದಾರದಂತೆ ಡೊಂಕಾದ ತಗ್ಗು, ಒಳಗೆಲ್ಲ ನಯವಾಗಿ ಇರುತ್ತದೆ. ಅಚ್ಚು ಒರೆಸಿದ ಬಟ್ಟೆಯ ನೂಲೆಳೆ ಉಳಿದು, ಅದರ ಸಮೇತ ಒತ್ತಿದ್ದರಿಂದ ಆದ ಗುರುತು ಅದು. ಟಂಕಸಾಲೆಯಲ್ಲೇ ಬಂದದ್ದು. ಮುಖದ ಮೇಲೆ ಎದ್ದು ಕಾಣದಿದ್ದರೆ ನಾನಂತೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಎಷ್ಟು ಗೀರು ಇದ್ದರೆ ಬಿಡಬೇಕು? ಅಪ್ಪಟ ಶುದ್ಧ ನಾಣ್ಯ ಸಿಗುವುದು ಅಪರೂಪ. ದರ್ಜೆ ಕೊಡುವ ಸಂಸ್ಥೆಗಳು 1ರಿಂದ 70ರ ಅಳತೆಗೋಲು ಬಳಸುತ್ತವೆ. 60ಕ್ಕಿಂತ ಕೆಳಗೆ ಬಂದ ಪ್ರೂಫ್ ಎಂದರೆ ಬಳಕೆಯಿಂದಲೋ ಕೈಯಾಟದಿಂದಲೋ ಕೆಟ್ಟದ್ದು. ನಮ್ಮ ಕೆಲಸಕ್ಕೆ ಒಂದು ಸುಲಭ ಅಂದಾಜು: ತಿರುಗಿಸಿ ತಿರುಗಿಸಿ ಹುಡುಕಿದಾಗ ಮಾತ್ರ ಸಿಗುವ ಚದುರಿದ ಗೀರು ಸಹಿಸಬಹುದು. ಹುಡುಕುವ ಮೊದಲೇ ಬರಿಗಣ್ಣಿಗೆ ಪಟ್ಟೆ ಪಟ್ಟೆಯಾಗಿ ಕಂಡರೆ ಬಿಟ್ಟುಬಿಡಿ, ಇಲ್ಲವೇ ಬೆಳ್ಳಿ ಬೆಲೆಗೆ ಕೇಳಿ.

ಹಂತ 5: ಫ್ರಾಸ್ಟ್ ಮೇಲೆ ಹೊಳೆಯುವ ಚುಕ್ಕೆ ಇದೆಯಾ?

ಫ್ರಾಸ್ಟ್ ಇರುವ ನಾಣ್ಯದಲ್ಲಿ ಕೆನ್ನೆ, ಮೂಗು, ಸಿಂಹದ ಜಟೆ ಮುಟ್ಟಿದರೆ ತಕ್ಷಣ ಗುರುತು ಬೀಳುತ್ತದೆ. ಮಂಜಿನಂಥ ಬಿಳುಪಿನ ನಡುವೆ ಒಂದು ಹೊಳಪು ಚುಕ್ಕೆ ಕಂಡರೆ ಅಲ್ಲಿ ಏನೋ ಉಜ್ಜಿದೆ. ಇದು ಆಗುವುದು ಹೆಚ್ಚಾಗಿ ಡಬ್ಬಿಯ ಮುಚ್ಚಳ ತಾಗಿ. ಒಂದು ಮಾತು ನೆನಪಿರಲಿ: ಹಳೆಯ ನಾಣ್ಯಗಳಲ್ಲಿ ಎಲ್ಲದಕ್ಕೂ ಫ್ರಾಸ್ಟ್ ಇರುವುದಿಲ್ಲ. ಒಂದೇ ಅಚ್ಚಿನಿಂದ ಮೊದಲು ಬಂದವಕ್ಕೆ ಚೆನ್ನಾಗಿ ಇರುತ್ತದೆ, ಅಚ್ಚು ಸವೆದಂತೆ ಕಡಿಮೆಯಾಗುತ್ತದೆ. ಫ್ರಾಸ್ಟ್ ಇಲ್ಲ ಎಂದ ಮಾತ್ರಕ್ಕೆ ಉಜ್ಜಿದ್ದಾರೆ ಎಂದು ಜಗಳ ತೆಗೆಯಬೇಡಿ.

ಹಂತ 6: ಬಣ್ಣ ಓದುವುದು

ಬೆಳ್ಳಿ ಗಾಳಿಯಲ್ಲಿರುವ ಗಂಧಕಕ್ಕೆ ಬಣ್ಣ ತಿರುಗುತ್ತದೆ. ಇದನ್ನೇ ಟೋನಿಂಗ್ ಅನ್ನುತ್ತಾರೆ. ತಾನಾಗಿ ಬಂದ ಟೋನಿಂಗ್ ಸಾಮಾನ್ಯವಾಗಿ ಅಂಚಿನಿಂದ ನಡುವಿನ ಕಡೆಗೆ ಹಬ್ಬುತ್ತದೆ. ತೆಳು ಹೊಂಬಣ್ಣ, ಆಮೇಲೆ ಕಂದು, ನೇರಳೆ, ನೀಲಿ, ಹೀಗೆ ಒಂದರೊಳಗೊಂದು ಕರಗುತ್ತದೆ. ಕೃತಕವಾಗಿ ಬರಿಸಿದ್ದು ತೇಪೆ ತೇಪೆಯಾಗಿ ಮೇಲೆ ಕೂತಂತಿರುತ್ತದೆ. ಎಷ್ಟೋ ಸಲ ಹಾಗೆ ಮಾಡುವುದೇ ಗೀರು ಮುಚ್ಚಲು. ಬಣ್ಣ ಎಷ್ಟೇ ಚಂದ ಇರಲಿ, ಹಂತ 3ರ ಸುತ್ತು ಹಾಕಿಯೇ ನೋಡಿ. ಅಡಿಯಲ್ಲಿ ಗೀರಿದ್ದರೆ ವಾಲಿಸಿದಾಗ ಹಣಿಕಿಕ್ಕುತ್ತದೆ.

ಇಲ್ಲಿ ನನ್ನ ಪಕ್ಷಪಾತ ಹೇಳಿಬಿಡುತ್ತೇನೆ. ಮಸುಕಾಗಿ ಬಣ್ಣ ತಿರುಗಿದ, ಆದರೆ ಯಾರೂ ಮುಟ್ಟದ ನಾಣ್ಯ ಒಂದು ಕಡೆ, ಥಳಥಳ ಹೊಳೆಯುವ ಒರೆಸಿದ ನಾಣ್ಯ ಇನ್ನೊಂದು ಕಡೆ ಇದ್ದರೆ ಕಣ್ಣು ಮುಚ್ಚಿ ಮೊದಲನೆಯದನ್ನು ಎತ್ತಿಕೊಳ್ಳುತ್ತೇನೆ. "ನೋಡ್ರಿ ಸರ, ಹೆಂಗ ಹೊಳೀತೈತಿ, ನಿನ್ನೇನ ಪಾಲಿಶ್ ಮಾಡ್ಸೀನಿ" ಅಂತ ಹೆಮ್ಮೆಯಿಂದ ಹೇಳುವ ಅಂಗಡಿಯವರು ಪಾಪ ಒಳ್ಳೆಯವರೇ. ನಾಣ್ಯದ ಬೆಲೆಯನ್ನು ತಾವೇ ತೊಳೆದು ಹಾಕಿದ್ದು ಅವರಿಗೆ ಗೊತ್ತಿರುವುದಿಲ್ಲ.

ಬೆಳ್ಳಿ ತೊಳೆಯುವ ದ್ರಾವಣದಲ್ಲಿ ಅದ್ದಿದ್ದನ್ನು ಹಿಡಿಯುವುದು ಸ್ವಲ್ಪ ಕಷ್ಟ. ಗೀರು ಇರುವುದಿಲ್ಲ, ಆದರೆ ಲೋಹದ ಮೇಲ್ಪದರವೇ ಸ್ವಲ್ಪ ಹೋಗಿರುತ್ತದೆ. ಕನ್ನಡಿ ಮಂಕು, ಫ್ರಾಸ್ಟ್ ಬೂದು. ಐವತ್ತು ವರ್ಷದ ನಾಣ್ಯ ನಿನ್ನೆ ಬಂದಂತೆ ಬಿಳಿ ಇದ್ದು ಆಳವಿಲ್ಲದೆ ಕಂಡರೆ ಅನುಮಾನಪಡಿ. ಸರಿಯಾಗಿ ತೊಳೆಯದೆ ಬಿಟ್ಟಿದ್ದರೆ ದ್ರಾವಣ ಉಳಿದ ಕಡೆ ಹಳದಿ-ಕಂದು ಕಲೆ ಬರುತ್ತದೆ.

ಹಸಿರು ಜಿಗುಟು ಕಂಡರೆ ಅದು ಬೇರೆ ಕಥೆ. ಮೆತ್ತನೆಯ ಪಿವಿಸಿ ಕವರ್ ಕಾಲ ಕಳೆದಂತೆ ಆಮ್ಲ ಬಿಡುತ್ತದೆ, ನಾಣ್ಯದ ಮೇಲೆ ಹಸಿರು ಪದರ ಕೂರುತ್ತದೆ. ತೆಳುವಾಗಿದ್ದರೆ ಶುದ್ಧ ಅಸಿಟೋನ್‌ನಲ್ಲಿ ಅದ್ದಿದರೆ ಹೋಗುತ್ತದೆ. ಗಾಜಿನ ಬಟ್ಟಲು ಬಳಸಿ, ಬೆಂಕಿಯಿಂದ ದೂರ ಇರಿ, ಉಜ್ಜಬೇಡಿ. ಉಗುರುಬಣ್ಣ ತೆಗೆಯುವ ದ್ರವ ಬೇಡ, ಅದರಲ್ಲಿ ಎಣ್ಣೆ, ಸುವಾಸನೆ ಸೇರಿರುತ್ತವೆ. ಹಸಿರಿನ ಅಡಿ ಲೋಹ ಕೊರೆದು ಗುಳಿ ಬಿದ್ದಿದ್ದರೆ ಅದಕ್ಕೆ ಮದ್ದಿಲ್ಲ.

ಲೋಹ ಬದಲಾದರೆ ನೋಟವೂ ಬದಲಾಗಬೇಕು. 1950ರ ಪ್ರೂಫ್ ಸೆಟ್‌ನಲ್ಲಿ ಏಳು ನಾಣ್ಯ. ಒಂದು ಪೈಸಾ ಕಂಚು, ಅದರ ಮೇಲೆ ಬೆರಳಚ್ಚು ಬಿದ್ದರೆ ಶಾಶ್ವತ. ಕಪ್ಪು ಚುಕ್ಕೆಯೂ ಅದರಲ್ಲೇ ಜಾಸ್ತಿ. ಅರ್ಧಾಣೆ, ಒಂದಾಣೆ, ಎರಡಾಣೆ ತಾಮ್ರ-ನಿಕ್ಕೆಲ್ ಮಿಶ್ರಣ, ಬೂದು ಮಬ್ಬು ಹತ್ತುತ್ತದೆ. ನಿಕ್ಕೆಲ್ ನಾಣ್ಯಕ್ಕೆ ಬಣ್ಣ ಹತ್ತುವುದು ಕಡಿಮೆ, ಹಾಗಾಗಿ ಅದರ ಮೇಲೆ ಗೀರು ಅಡಗಲು ಜಾಗವೇ ಇಲ್ಲ. ಮುಂದಿನ ವರ್ಷಗಳ ಸೆಟ್‌ಗಳ ಅಲ್ಯೂಮಿನಿಯಂ ಪೈಸೆಗಳು ಬಹಳ ಮೆತ್ತಗೆ. ನಮ್ಮ ಮಳೆಗಾಲದ ತೇವಕ್ಕೆ ಬಿಳಿ ಬೂಷ್ಟಿನಂತೆ ಹಿಡಿಯುತ್ತವೆ. ಸೆಟ್ ಕೊಳ್ಳುವಾಗ ಎಲ್ಲರೂ ದೊಡ್ಡ ನಾಣ್ಯ ನೋಡುತ್ತಾರೆ. ನೀವು ಚಿಕ್ಕವುಗಳಿಂದ ಶುರು ಮಾಡಿ.

ಹಂತ 7: ಅಂಚು

ಇದು ಬೇಗ ಮುಗಿಯುವ ಕೆಲಸ. ಹನ್ನೆರಡು ಗಂಟೆಯ ಜಾಗದಲ್ಲಿ ರಿಮ್ ನೋಡಿ. ಸರಕ್ಕೆ ಪೋಣಿಸಲು ಕುಣಿಕೆ ಬೆಸೆದು ಆಮೇಲೆ ಕಿತ್ತಿದ್ದರೆ ಅಲ್ಲಿ ಅರ ಹಾಕಿದ ಗುರುತು, ಬೆಸುಗೆಯ ಕಲೆ ಇರುತ್ತದೆ. ಬಿದ್ದು ತಗ್ಗಾಗಿದ್ದರೆ ಬೆರಳಿಗೇ ಗೊತ್ತಾಗುತ್ತದೆ.

ಹಂತ 8: ಬ್ರಿಟಿಷರ ಕಾಲದ್ದು ಎಂದರೆ ಇನ್ನಷ್ಟು ಎಚ್ಚರ

ವಿಕ್ಟೋರಿಯಾ, ಎಡ್ವರ್ಡ್, ಜಾರ್ಜ್ ಕಾಲದ ಪ್ರೂಫ್ ರೂಪಾಯಿ ಎಂದು ತೋರಿಸಿದರೆ ಒಂದು ವಿಷಯ ತಿಳಿದಿರಲಿ. ಕಲ್ಕತ್ತಾ ಮತ್ತು ಬಾಂಬೆ ಟಂಕಸಾಲೆಗಳು ಹಳೇ ಅಚ್ಚುಗಳಿಂದ ಸಂಗ್ರಾಹಕರಿಗಾಗಿ ಮತ್ತೆ ನಾಣ್ಯ ಹೊಡೆದು ಕೊಡುತ್ತಿದ್ದವು. ಇವನ್ನು ರೀಸ್ಟ್ರೈಕ್ ಅನ್ನುತ್ತಾರೆ. ಇವು ನಕಲಿಯಲ್ಲ, ಅಧಿಕೃತವೇ. ಆದರೆ ಮೂಲ ಪ್ರೂಫ್‌ಗೂ ಇವಕ್ಕೂ ಬೆಲೆಯಲ್ಲಿ ಅಜಗಜಾಂತರ. ಮೈ ನೋಡಿದರೆ ಸುಳಿವು ಸಿಗುತ್ತದೆ. ವರ್ಷಗಟ್ಟಲೆ ಬಿದ್ದಿದ್ದ ಅಚ್ಚಿಗೆ ತುಕ್ಕು ಹಿಡಿದು ಗುಳಿಯಾಗಿರುತ್ತದೆ. ನಾಣ್ಯದ ಮೇಲೆ ಅದು ಸಣ್ಣ ಉಬ್ಬು ಗುಳ್ಳೆಗಳಾಗಿ ಬರುತ್ತದೆ. ತುಕ್ಕು ತೆಗೆಯಲು ಜೋರಾಗಿ ಉಜ್ಜಿದ್ದರಿಂದ ಉಬ್ಬಿದ ಗೆರೆಗಳೂ ಜಾಸ್ತಿ ಇರುತ್ತವೆ. ಗುಳ್ಳೆ ಒಂದೂ ಇಲ್ಲದ ರೀಸ್ಟ್ರೈಕ್ ಕೂಡ ಇರಬಹುದು. ಮೂಲದ ಬೆಲೆ ಕೇಳುತ್ತಿದ್ದರೆ ಬಲ್ಲವರಿಗೆ ತೋರಿಸದೆ ದುಡ್ಡು ಕೊಡಬೇಡಿ. ತೂಕವನ್ನೂ ನೋಡಿ: ಬೆಳ್ಳಿ ರೂಪಾಯಿ 11.66 ಗ್ರಾಂ.

ಗದಗದ ಕಡೆ ಹಳೇ ನಾಣ್ಯ ಅಂದ ಕೂಡಲೇ ಲಕ್ಕುಂಡಿ ಮಾತು ಬರುತ್ತದೆ. ಅಲ್ಲಿ ಟಂಕಸಾಲೆ ಇತ್ತು, ಲೊಕ್ಕಿ ಗದ್ಯಾಣ ಎಂಬ ಚಿನ್ನದ ನಾಣ್ಯ ಹೆಸರಾಗಿತ್ತು, ನಿಜ. ಅದಕ್ಕೂ ಪ್ರೂಫ್‌ಗೂ ಸಂಬಂಧವಿಲ್ಲ. "ನೆಲದಾಗ ಸಿಕ್ಕೈತಿ" ಅಂತ ಯಾರಾದರೂ ಏನಾದರೂ ತಂದರೆ ಮುಟ್ಟಲು ಹೋಗಬೇಡಿ. 1878ರ ನಿಧಿ ಕಾಯ್ದೆ ಈಗಲೂ ಜಾರಿಯಲ್ಲಿದೆ.

ಹಂತ 9: ಫೋಟೊ ನೋಡಿ ಕೊಳ್ಳುವುದಾದರೆ

ಮೇಲಿನಿಂದ ನೇರವಾಗಿ ತೆಗೆದ ಫೋಟೊದಲ್ಲಿ ಗೀರು ಬರುವುದಿಲ್ಲ. ಒಂದೇ ದೀಪದ ಕೆಳಗೆ, ಕವರಿನಿಂದ ಹೊರಗೆ ತೆಗೆದು, ಎರಡೂ ಮುಖ ನಿಧಾನಕ್ಕೆ ತಿರುಗಿಸಿದ ವಿಡಿಯೊ ಕೇಳಿ. ಅರ್ಧ ನಿಮಿಷದ ವಿಡಿಯೊ ಸಾಕು. ಕವರಿನಿಂದ ತೆಗೆಯಲು ಅವರು ಒಪ್ಪದಿದ್ದರೆ ಕವರಿನ ಗೀರು ಯಾವುದು, ನಾಣ್ಯದ ಗೀರು ಯಾವುದು ಎಂದು ಗೊಂದಲವಾಗುತ್ತದೆ. ಕವರ್ ಅಲ್ಲಾಡಿಸಿ ನಾಣ್ಯ ಸ್ವಲ್ಪ ತಿರುಗಿದಾಗ ಅದರ ಜೊತೆ ತಿರುಗಿದ ಗೀರು ನಾಣ್ಯದ್ದು. ಹಿಂದಿರುಗಿಸಲು ಎಷ್ಟು ದಿನ ಎಂದು ದುಡ್ಡು ಹಾಕುವ ಮುಂಚೆಯೇ ಬರಹದಲ್ಲಿ ತೆಗೆದುಕೊಳ್ಳಿ.

ಹಂತ 10: ಬೆಲೆ ಮಾತಾಡುವುದು

ಮೊದಲು ಅಪ್ಪಟ ಬೆಳ್ಳಿಯ ಗ್ರಾಂ ಲೆಕ್ಕ ಹಾಕಿ ಆ ದಿನದ ದರದಿಂದ ಗುಣಿಸಿ. ಅದು ತಳದ ಬೆಲೆ. ಅದರ ಮೇಲೆ ನೀವು ಕೊಡುವುದೆಲ್ಲ ಮೈಗೆ ಕೊಡುವ ಬೆಲೆ. ಮೈ ಕೆಟ್ಟಿದ್ದರೆ ತಳದ ಹತ್ತಿರವೇ ನಿಲ್ಲಿ. ಮೂಲ ಡಬ್ಬಿ ಸಮೇತ ಇಡೀ ಸೆಟ್ ಇದ್ದು ಒಂದೆರಡು ನಾಣ್ಯಕ್ಕೆ ಮಬ್ಬು ಹತ್ತಿದ್ದರೆ ಚೌಕಾಶಿ ಮಾಡಿ ತೆಗೆದುಕೊಳ್ಳಿ. ಆದರೆ ಡಬ್ಬಿ ಹಳೆಯದು ಅಂದ ಮಾತ್ರಕ್ಕೆ ನಾಣ್ಯ ಅದರದ್ದೇ ಎಂದುಕೊಳ್ಳಬೇಡಿ. ಗುಂಡಿಯಲ್ಲಿ ಸರಿಯಾಗಿ ಕೂರುತ್ತದಾ, ಎಲ್ಲ ನಾಣ್ಯಗಳಿಗೂ ವಯಸ್ಸಾದ ಬಗೆ ಒಂದೇ ತರಹ ಇದೆಯಾ ನೋಡಿ. ಬೆಳ್ಳಿ ಇರುವ ಸೆಟ್‌ನಲ್ಲಿ ಉಳಿದವೆಲ್ಲ ಮಬ್ಬಾಗಿ ಬೆಳ್ಳಿಯದು ಮಾತ್ರ ಥಳಥಳ ಎಂದರೆ ಅದನ್ನು ಬದಲಿಸಿದ್ದಾರೆ, ಇಲ್ಲವೇ ತೊಳೆದಿದ್ದಾರೆ. ದೋಷ ಹೇಳುವಾಗ ಗಟ್ಟಿಯಾಗಿ, ನಾಲ್ಕು ಗಿರಾಕಿಗಳ ಎದುರು ಹೇಳಬೇಡಿ. ಲೂಪ್ ಕೊಟ್ಟು ಅವರಿಗೇ ತೋರಿಸಿ. ಮುಂದಿನ ಸಲ ಒಳ್ಳೆಯದು ಬಂದಾಗ ಅವರು ಫೋನ್ ಮಾಡುವುದು ನಿಮಗೇ.

ಮನೆಗೆ ತಂದ ಮೇಲೆ ಪಿವಿಸಿ ಇಲ್ಲದ ಗಟ್ಟಿ ಕ್ಯಾಪ್ಸೂಲ್‌ಗೆ ಹಾಕಿ. ರಬ್ಬರ್ ಬ್ಯಾಂಡ್ ಮತ್ತು ಹಳೇ ಪೇಪರ್ ಹತ್ತಿರ ಇಡಬೇಡಿ, ರಬ್ಬರಿನ ಗಂಧಕ ಬೆಳ್ಳಿಯನ್ನು ಕಪ್ಪು ಮಾಡುತ್ತದೆ. ಧಾರವಾಡದ ಮಳೆಗಾಲಕ್ಕೆ ಡಬ್ಬಿಯೊಳಗೆ ಬಣ್ಣ ಬದಲಿಸುವ ಬಗೆಯ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ತೇವ ಕುಡಿದು ಬಣ್ಣ ಬದಲಾದಾಗ ಬೇರೆ ಇಡಿ. ದೀಪಾವಳಿಗೆ ಮನೆಯವರು ಬೆಳ್ಳಿ ಕೇಳಿದರೆ ಪೂಜೆಗೆಂದೇ ಒಂದೆರಡು ಸವೆದ ರೂಪಾಯಿ ಬೇರೆ ತೆಗೆದಿಟ್ಟಿರಿ.